ಛಾಯಾಚಿತ್ರದ ಕೃತಿಕಾರ ಮತ್ತು ಒಡೆಯ: ಅನುಮತಿಯಿಲ್ಲದ ಬಳಕೆಯ ಚರಿತ್ರೆಯ ಕೆಲವು ಘಟ್ಟಗಳು

ಛಾಯಾಚಿತ್ರವೊಂದು ಗ್ರಂಥದಲ್ಲಿಯೋ ಪತ್ರಿಕೆಯಲ್ಲಿಯೋ ಅಚ್ಚಾದಾಗ ಅದರಲ್ಲಿ ಕಾಣುವ ವ್ಯಕ್ತಿಯ ಹೆಸರು, ದೇವಾಲಯದ ಹೆಸರು, ಊರಿನ ಹೆಸರು ಸಾಮಾನ್ಯವಾಗಿ ಅದರ ಕೆಳಗಿರುತ್ತವೆ. ಅದನ್ನು ತೆಗೆದವರ ಹೆಸರು ಮಾತ್ರ ಹಲವು ವೇಳೆ ಇರುವುದಿಲ್ಲ. ಕನ್ನಡದ ಅಭಿನಂದನ ಗ್ರಂಥಗಳಲ್ಲಿ, ಸ್ಥಳಚರಿತ್ರೆಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ ‘ಸಂಗ್ರಹದಿಂದ’ ಎಂಬ ಒಂದು ಪದ ಈ ಕೊರತೆಯನ್ನು ಮುಚ್ಚುತ್ತಾ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ಜಾಗಕ್ಕೆ ‘ಚಿತ್ರಕೃಪೆ: ಅಂತರ್ಜಾಲ’ ಎಂಬುದು ಬಂದಿದೆ. ಕೃಪೆಯನ್ನು ಸ್ಮರಿಸುವುದು ಸೌಜನ್ಯ, ಅನುಮತಿ ಪಡೆಯುವುದು ಕರ್ತವ್ಯ. ಇವೆರಡೂ ಒಂದೇ ಅಲ್ಲ ಎಂಬ ತಿಳಿವಳಿಕೆ ಮೂಡಲು ಜಗತ್ತಿನ ನ್ಯಾಯಾಲಯಗಳಿಗೂ ಶಾಸನಸಭೆಗಳಿಗೂ ಒಂದೂವರೆ ಶತಮಾನವೇ ಬೇಕಾಯಿತು.

ಈ ಚರಿತ್ರೆಯಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಛಾಯಾಚಿತ್ರಕ್ಕೆ ಕೃತಿಕಾರನೊಬ್ಬನಿದ್ದಾನೆಯೇ ಎಂಬುದು ಮೊದಲನೆಯದು. ಇದ್ದರೆ, ಆ ಕೃತಿಯ ಒಡೆಯನೂ ಅವನೇ ಆಗುತ್ತಾನೆಯೇ ಎಂಬುದು ಎರಡನೆಯದು. ಮೊದಲನೆಯ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನವೇ ಉತ್ತರ ಕಂಡುಕೊಂಡಿತು. ಎರಡನೆಯದು ಭಾರತದಲ್ಲಿ ಇಂದಿಗೂ ಪೂರ್ಣವಾಗಿ ಬಗೆಹರಿದಿಲ್ಲ. ಈ ಎರಡು ಪ್ರಶ್ನೆಗಳ ಬೆಳವಣಿಗೆಯನ್ನು ಪ್ರಮುಖ ಮೊಕದ್ದಮೆಗಳ, ಶಾಸನಗಳ ಹಾಗೂ ಕನ್ನಡ ನಾಡಿನ ಆರಂಭಕಾಲದ ಛಾಯಾಚಿತ್ರಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಯಂತ್ರವೋ ಮನುಷ್ಯನೋ

1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರನ ವಿಧಾನ ಪ್ರಕಟವಾದಾಗ ಅದನ್ನು ಜನರು ಸೂರ್ಯನೇ ಬರೆದ ಚಿತ್ರವೆಂದು ಬೆರಗಿನಿಂದ ನೋಡಿದರು. ಈ ಬೆರಗೇ ಮುಂದೆ ಛಾಯಾಚಿತ್ರಕಾರನಿಗೆ ತೊಡಕಾಯಿತು. ಚಿತ್ರವನ್ನು ಬರೆದದ್ದು ಬೆಳಕು, ಮೂಡಿಸಿದ್ದು ರಾಸಾಯನಿಕ ಕ್ರಿಯೆ. ಹಾಗಾದರೆ ಮನುಷ್ಯನ ಪಾಲು ಏನು ಎಂಬ ಆಕ್ಷೇಪಕ್ಕೆ ಅದು ಎಡೆಮಾಡಿತು. ಚಿತ್ರವನ್ನು ಕದ್ದು ಅಚ್ಚುಹಾಕಿದವರು ನ್ಯಾಯಾಲಯದ ಮುಂದೆ ಮತ್ತೆ ಮತ್ತೆ ಮುಂದಿಟ್ಟ ವಾದವೂ ಇದೇ.

ಫ್ರಾನ್ಸಿನಲ್ಲಿ ಈ ವಾದ 1862ರಲ್ಲಿ ಪರೀಕ್ಷೆಗೊಳಗಾಯಿತು. ಮೇಯರ್ ಮತ್ತು ಪಿಯರ್ಸನ್ ಎಂಬ ಪ್ಯಾರಿಸ್ಸಿನ ಸ್ಟುಡಿಯೋದವರು ತೆಗೆದ ಕೌಂಟ್ ಕಾವೂರ್ ಹಾಗೂ ಲಾರ್ಡ್ ಪಾಮರ್‌ಸ್ಟನ್ ಅವರ ಭಾವಚಿತ್ರಗಳನ್ನು ಬೇರೆ ವ್ಯಾಪಾರಿಗಳು ನಕಲುಮಾಡಿ ಮಾರಿದರು. ಕೆಳಗಿನ ನ್ಯಾಯಾಲಯ ಸ್ಟುಡಿಯೋದವರ ದೂರನ್ನು ತಳ್ಳಿಹಾಕಿತು. ಮೇಲ್ಮನವಿಯಲ್ಲಿ ಪ್ಯಾರಿಸ್ಸಿನ ನ್ಯಾಯಾಲಯ ಛಾಯಾಚಿತ್ರವೂ ಕಲಾಕೃತಿಯಾಗಬಲ್ಲದು, ಆದ್ದರಿಂದ 1793ರ ಶಾಸನದ ರಕ್ಷಣೆ ಅದಕ್ಕೂ ಸಲ್ಲಬಹುದು ಎಂದಿತು. ಅದೇ ವರ್ಷದ ನವೆಂಬರಿನಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯ ಆ ತೀರ್ಪನ್ನು ಎತ್ತಿಹಿಡಿಯಿತು. ಆಂಗ್ರ್ ಮೊದಲಾದ ಪ್ರಸಿದ್ಧ ವರ್ಣಚಿತ್ರಕಾರರು ಛಾಯಾಚಿತ್ರವನ್ನು ಕಲೆಯೊಡನೆ ಸಮೀಕರಿಸಬಾರದೆಂದು ಸಹಿಹಾಕಿ ಪ್ರತಿಭಟಿಸಿದರು ಎಂಬುದು ಗಮನಾರ್ಹ. ಛಾಯಾಚಿತ್ರಕಾರನ ಹಕ್ಕನ್ನು ನಕಲುಗಾರರಷ್ಟೇ ಅಲ್ಲ, ಸೋದರ ಕಲೆಯವರೂ ಒಪ್ಪದಿದ್ದ ಕಾಲವದು.

ಅಮೆರಿಕದಲ್ಲಿ 1865ರ ಶಾಸನ ಛಾಯಾಚಿತ್ರಗಳನ್ನೂ ನೆಗೆಟಿವ್‌ಗಳನ್ನೂ ಹಕ್ಕುಸ್ವಾಮ್ಯದ ವ್ಯಾಪ್ತಿಗೆ ತಂದಿತು. ಆದರೆ ಸಂವಿಧಾನವು ರಕ್ಷಣೆಯನ್ನು ಕೊಡಲು ಹೇಳಿದ್ದು ‘ಕೃತಿಕಾರ’ರ ‘ಬರೆಹ’ಗಳಿಗೆ; ಛಾಯಾಚಿತ್ರ ಬರೆಹವೇ ಎಂಬ ಪ್ರಶ್ನೆ ಉಳಿದಿತ್ತು. 1882ರಲ್ಲಿ ಉಪನ್ಯಾಸ ಪ್ರವಾಸಕ್ಕೆಂದು ಬಂದ ಆಸ್ಕರ್ ವೈಲ್ಡ್‌ನ ಭಾವಚಿತ್ರಗಳನ್ನು ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ತೆಗೆದನು. ಆ ಸರಣಿಯ 18ನೆಯ ಚಿತ್ರವನ್ನು ಬರ್ರೋ-ಗೈಲ್ಸ್ ಎಂಬ ಕಲ್ಲಚ್ಚಿನ ಕಂಪನಿ ಅನುಮತಿಯಿಲ್ಲದೆ ನಕಲುಮಾಡಿತು. ಮೊಕದ್ದಮೆಯಲ್ಲಿ ಪ್ರಸ್ತಾಪಗೊಂಡ ಪ್ರತಿಗಳ ಸಂಖ್ಯೆ 85,000. ಯಂತ್ರವು ಇದ್ದುದನ್ನು ಇದ್ದಂತೆ ತೋರಿಸುತ್ತದೆ, ಅದರಲ್ಲಿ ಕೃತಿಕಾರನಿಲ್ಲ ಎಂಬುದು ಕಂಪನಿಯ ವಾದ. 1884ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಪರವಾಗಿ ನ್ಯಾಯಮೂರ್ತಿ ಮಿಲ್ಲರ್ ನೀಡಿದ ತೀರ್ಪು ಈ ವಾದವನ್ನು ಒಪ್ಪಲಿಲ್ಲ. ವ್ಯಕ್ತಿಯನ್ನು ಕೂರಿಸಿದ ಭಂಗಿ, ಉಡುಪು ಮತ್ತು ಹಿನ್ನೆಲೆಯ ತೆರೆಗಳ ಆಯ್ಕೆ, ನೆಳಲುಬೆಳಕುಗಳ ಜೋಡಣೆ, ಮುಖಭಾವವನ್ನು ಹೊರತರುವ ಬಗೆ ಇವೆಲ್ಲ ಸರೋನಿಯ ಮನಸ್ಸಿನ ಕಲ್ಪನೆಯಿಂದ ಬಂದವು. ಆದ್ದರಿಂದ ಆತನೇ ಕೃತಿಕಾರ ಎಂದು ನ್ಯಾಯಾಲಯ ನಿರ್ಣಯಿಸಿತು. ಯಾರೂ ಏನನ್ನೂ ಜೋಡಿಸದ, ಬೀದಿಯಲ್ಲಿ ಕಂಡದ್ದನ್ನು ಕ್ಷಣಾರ್ಧದಲ್ಲಿ ಹಿಡಿದ ಚಿತ್ರದ ಗತಿಯೇನು ಎಂಬುದನ್ನು ಆ ತೀರ್ಪು ಬಿಡಿಸಿ ಹೇಳಲಿಲ್ಲ. ಆದರೂ ಕ್ಯಾಮೆರಾದ ಹಿಂದೆ ಮನಸ್ಸೊಂದಿದೆ ಎಂಬ ತತ್ತ್ವ ಅಲ್ಲಿಂದ ಸ್ಥಿರವಾಯಿತು.

ಹಣಕೊಟ್ಟವನ ಹಕ್ಕು

ಇಂಗ್ಲೆಂಡಿನ ದಾರಿ ಬೇರೆಯಾಗಿತ್ತು. ಭಾರತದ ಶಾಸನಕ್ಕೆ ಮೂಲವಾದದ್ದು ಅದೇ ಆದ್ದರಿಂದ ಅದನ್ನು ವಿವರವಾಗಿ ನೋಡಬೇಕಾಗುತ್ತದೆ. 1862ರ ಲಲಿತಕಲಾ ಹಕ್ಕುಸ್ವಾಮ್ಯ ಕಾಯ್ದೆ ವರ್ಣಚಿತ್ರ, ರೇಖಾಚಿತ್ರಗಳ ಜೊತೆಯಲ್ಲಿಯೇ ಛಾಯಾಚಿತ್ರಕ್ಕೂ ಕೃತಿಕಾರನ ಜೀವಿತಾವಧಿ ಹಾಗೂ ಆನಂತರದ 7 ವರ್ಷಗಳ ರಕ್ಷಣೆ ನೀಡಿತು. ಆದರೆ ಎರಡು ಷರತ್ತುಗಳಿದ್ದವು. ದಾವೆ ಹೂಡಬೇಕಾದರೆ ಲಂಡನ್ನಿನ ಸ್ಟೇಷನರ್ಸ್ ಹಾಲ್‌ನಲ್ಲಿ ನೋಂದಣಿಯಾಗಿರಬೇಕು. ಇನ್ನೊಬ್ಬರಿಗಾಗಿ ಪ್ರತಿಫಲ ಪಡೆದು ತೆಗೆದ ಚಿತ್ರವಾದರೆ, ಲಿಖಿತ ಕರಾರಿನಲ್ಲಿ ಕಾಯ್ದಿರಿಸಿಕೊಳ್ಳದ ಹೊರತು ಹಕ್ಕು ತೆಗೆಸಿದವರಿಗೇ ಸೇರುತ್ತದೆ.

ಈ ಷರತ್ತುಗಳ ಬಿಗಿಯನ್ನು 1883ರ ನಾಟೇಜ್ ವಿರುದ್ಧ ಜಾಕ್ಸನ್ ಮೊಕದ್ದಮೆ ತೋರಿಸುತ್ತದೆ. ಆಸ್ಟ್ರೇಲಿಯಾದ ಕ್ರಿಕೆಟ್ ತಂಡದ ಚಿತ್ರವೊಂದನ್ನು ಲಂಡನ್ನಿನ ಸಂಸ್ಥೆಯೊಂದರ ಕೆಲಸಗಾರ ತೆಗೆದಿದ್ದನು. ಸಂಸ್ಥೆಯ ಮಾಲೀಕರು ತಾವೇ ಕೃತಿಕಾರರೆಂದು ನೋಂದಾಯಿಸಿದ್ದರು. ನಕಲುಗಾರರ ಮೇಲೆ ಹೂಡಿದ ದಾವೆ ಬಿದ್ದುಹೋಯಿತು. ಕ್ಯಾಮೆರಾ, ಗಾಜು, ಸಂಬಳ ಎಲ್ಲವನ್ನೂ ಒದಗಿಸಿದ ಮಾತ್ರಕ್ಕೆ ಮಾಲೀಕನು ಕೃತಿಕಾರನಾಗುವುದಿಲ್ಲ, ಚಿತ್ರ ರೂಪುಗೊಳ್ಳುವಲ್ಲಿ ನಿಜವಾಗಿ ಕೈಯಾಡಿಸಿದವನೇ ಕೃತಿಕಾರ ಎಂಬುದು ತೀರ್ಪಿನ ಸಾರ. ತತ್ತ್ವದಲ್ಲಿ ಕೆಲಸಗಾರ ಗೆದ್ದನು. ಆದರೆ ಆ ಗೆಲುವಿನ ಫಲ ದೊರೆತದ್ದು ನಕಲುಮಾಡಿದವರಿಗೆ ಎಂಬುದು ಈ ಮೊಕದ್ದಮೆಯ ವಿಪರ್ಯಾಸ.

ತೆಗೆಸಿದವರ ಪರವಾದ ನಿಯಮಕ್ಕೂ ನ್ಯಾಯವಾದ ಕಾರಣವೊಂದಿತ್ತು. 1888ರಲ್ಲಿ ಪೊಲಾರ್ಡ್ ಎಂಬ ಮಹಿಳೆ ಸ್ಟುಡಿಯೋವೊಂದರಲ್ಲಿ ತನ್ನ ಭಾವಚಿತ್ರ ತೆಗೆಸಿಕೊಂಡಳು. ಸ್ಟುಡಿಯೋದವರು ಅದನ್ನು ಕ್ರಿಸ್‌ಮಸ್ ಶುಭಾಶಯ ಪತ್ರವಾಗಿ ಮಾಡಿ ಪ್ರದರ್ಶನಕ್ಕಿಟ್ಟರು. ಇದು ಒಪ್ಪಂದದ ಹಾಗೂ ವಿಶ್ವಾಸದ ಭಂಗವೆಂದು ನ್ಯಾಯಾಲಯ ಪ್ರತಿಬಂಧಕಾಜ್ಞೆ ನೀಡಿತು. ಅನುಮತಿಯಿಲ್ಲದೆ ಚಿತ್ರವನ್ನು ಬಳಸುವವನು ಕೆಲವೊಮ್ಮೆ ಛಾಯಾಚಿತ್ರಕಾರನೇ ಆಗಿರಬಹುದು. ಛಾಯಾಚಿತ್ರಕಾರರ ಹಕ್ಕನ್ನು ಕುರಿತ ಯಾವ ಚರ್ಚೆಯೂ ಚಿತ್ರದಲ್ಲಿರುವವರ ಖಾಸಗಿತನವನ್ನು ಮರೆಯುವಂತಿಲ್ಲ ಎಂಬುದಕ್ಕೆ ಈ ಮೊಕದ್ದಮೆ ಹಳೆಯ ಸಾಕ್ಷಿ.

1911ರ ಬ್ರಿಟಿಷ್ ಕಾಯ್ದೆ ನೋಂದಣಿಯ ಕಡ್ಡಾಯವನ್ನು ತೆಗೆದುಹಾಕಿತು. ರಕ್ಷಣೆಯ ಅವಧಿಯನ್ನು ಮೂಲ ನೆಗೆಟಿವ್ ತಯಾರಾದಂದಿನಿಂದ 50 ವರ್ಷಗಳೆಂದು ನಿಗದಿಪಡಿಸಿತು. ಆದರೆ ನೆಗೆಟಿವ್ ತಯಾರಾದಾಗ ಅದರ ಒಡೆಯನಾಗಿದ್ದವನನ್ನೇ ಕೃತಿಕಾರನೆಂದು ಪರಿಗಣಿಸಬೇಕು ಎಂದೂ ಹೇಳಿತು. ನಾಟೇಜ್ ಮೊಕದ್ದಮೆಯಲ್ಲಿ ಮನುಷ್ಯನಿಗೆ ದೊರೆತ ಸ್ಥಾನವನ್ನು ಶಾಸನವು ಗಾಜಿನ ಫಲಕದ ಒಡೆಯನಿಗೆ ವರ್ಗಾಯಿಸಿತು.

ಕನ್ನಡ ನಾಡಿನ ಮೊದಲ ಚಿತ್ರಗಳು

ಈ ಶಾಸನಗಳು ರೂಪುಗೊಳ್ಳುವ ಮೊದಲೇ ಕನ್ನಡ ನಾಡಿನ ಸ್ಮಾರಕಗಳು ಕ್ಯಾಮೆರಾದ ಮುಂದೆ ನಿಂತಿದ್ದವು. ಬೆಂಗಳೂರಿನಲ್ಲಿ ಮದರಾಸು ಸೈನ್ಯದ ಅಧಿಕಾರಿಯಾಗಿದ್ದ ಲಿನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಕಡೆ ಪ್ರವಾಸ ಮಾಡಿ ಚಿತ್ರಗಳನ್ನು ತೆಗೆದನು; ಅವು 1855ರ ಮದರಾಸು ಪ್ರದರ್ಶನದಲ್ಲಿ ಕಾಣಿಸಿಕೊಂಡವು. ಅಲೆಕ್ಸಾಂಡರ್ ಗ್ರೀನ್‌ಲಾ 1856ರ ಸುಮಾರಿನಲ್ಲಿ ಹಂಪಿಯನ್ನು ಮೇಣದ ಕಾಗದದ ದೊಡ್ಡ ನೆಗೆಟಿವ್‌ಗಳ ಮೇಲೆ ಸೆರೆಹಿಡಿದನು. ಮುಂಬಯಿ ಸರ್ಕಾರದ ನೇಮಕದ ಮೇರೆಗೆ ಥಾಮಸ್ ಬಿಗ್ಸ್, ಅವನ ಬಳಿಕ ವೈದ್ಯಾಧಿಕಾರಿ ಪಿಗೋ ಚಾಲುಕ್ಯ ಪ್ರದೇಶದ ಗುಡಿಗಳನ್ನು ಚಿತ್ರಿಸಿದರು.

ಇವರ ಚಿತ್ರಗಳ ಒಂದು ಭಾಗ 1866ರಲ್ಲಿ ಲಂಡನ್ನಿನಿಂದ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಗ್ರಂಥವಾಗಿ ಹೊರಬಂದಿತು. ಮೆಡೋಸ್ ಟೇಲರ್ ಚಾರಿತ್ರಿಕ ಭಾಗವನ್ನೂ ಜೇಮ್ಸ್ ಫರ್ಗುಸನ್ ವಾಸ್ತು ಟಿಪ್ಪಣಿಗಳನ್ನೂ ಬರೆದರು. ಪಿಗೋ, ನೀಲ್, ಬಿಗ್ಸ್ ಎಂಬ ಮೂವರು ಛಾಯಾಚಿತ್ರಕಾರರ ಹೆಸರುಗಳೂ ಮುಖಪುಟದಲ್ಲಿ ಮುದ್ರಿತವಾದವು. ಇದು ಆ ಕಾಲಕ್ಕೆ ಶ್ಲಾಘನೀಯವಾದ ಕ್ರಮ. ಇದಕ್ಕೆ ಪ್ರತಿಯಾಗಿ, ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಸುಪ್ರಸಿದ್ಧ ಚರಿತ್ರೆಯಲ್ಲಿ ಚಿತ್ರಗಳು ಮರದಚ್ಚಿನ ರೂಪ ತಾಳಿದವು. ಹಲವು ಚಿತ್ರಗಳ ಕೆಳಗೆ ‘ಛಾಯಾಚಿತ್ರದಿಂದ’ ಎಂದಷ್ಟೇ ಬರೆಯಲಾಯಿತು. ಚಿತ್ರದ ಮೂಲ ಛಾಯಾಚಿತ್ರವೆಂಬುದು ಅದರ ನಿಖರತೆಗೆ ಪ್ರಮಾಣವಾಗಿ ಬೇಕಾಯಿತು, ತೆಗೆದವನ ಹೆಸರು ಬೇಡವಾಯಿತು. ಹೊಯ್ಸಳ ಶಿಲ್ಪದ ಕೀರ್ತಿಯನ್ನು ವಿದ್ವತ್ ಲೋಕಕ್ಕೆ ಮುಟ್ಟಿಸಿದ ಗ್ರಂಥಗಳಲ್ಲೊಂದರಲ್ಲೇ ಹೀಗಾದುದು ಈ ವಿಷಯದ ಅಭ್ಯಾಸಿಗಳು ಗಮನಿಸಬೇಕಾದ ಸಂಗತಿ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತ ಜಾಗಗಳಲ್ಲಿಯೇ ನಿಂತು ಹಂಪಿಯನ್ನು ಪುನಃ ಚಿತ್ರಿಸಿದ ಮೇಲೆ ಆ ಹಳೆಯ ನೆಗೆಟಿವ್‌ಗಳ ಕರ್ತೃವಿನ ಹೆಸರು ಮತ್ತೆ ಚಲಾವಣೆಗೆ ಬಂದಿತು. ಹಂಪಿಯ ಕಂಬಗಳು ಯಾವಾಗ ಉರುಳಿದವು, ಯಾವುದನ್ನು ಮತ್ತೆ ನಿಲ್ಲಿಸಲಾಯಿತು ಎಂಬುದನ್ನು ಅರಿಯಲು ಚಿತ್ರದ ಕಾಲ ತಿಳಿದಿರಬೇಕು. ಕಾಲ ತಿಳಿಯಲು ತೆಗೆದವನ ಹೆಸರು ಬಹುಮಟ್ಟಿಗೆ ನೆರವಾಗುತ್ತದೆ. ಕರ್ತೃವಿನ ಹೆಸರು ಅಳಿದಾಗ ನಷ್ಟವಾಗುವುದು ಅವನಿಗೆ ಮಾತ್ರವಲ್ಲ, ಚರಿತ್ರೆಗೂ ನಷ್ಟವೇ.

ಆ ಕಾಲದ ಭಾರತದಲ್ಲಿ ಛಾಯಾಚಿತ್ರಕಾರನಿಗೆ ಶಾಸನದ ಆಸರೆ ಬಹಳ ಕಡಿಮೆ. 1847ರ ಭಾರತದ ಕಾಯ್ದೆ ಪುಸ್ತಕಗಳಿಗೆ ಸಂಬಂಧಿಸಿದ್ದು. 1862ರ ಬ್ರಿಟಿಷ್ ಕಾಯ್ದೆ ಯುನೈಟೆಡ್ ಕಿಂಗ್‌ಡಮ್ಮಿನ ಹೊರಗೆ ಅನ್ವಯಿಸುವುದಿಲ್ಲವೆಂದು ಕೆನಡಾದಿಂದ ಬಂದ ಮೊಕದ್ದಮೆಯೊಂದರಲ್ಲಿ ಪ್ರಿವಿ ಕೌನ್ಸಿಲ್ 1903ರಲ್ಲಿ ತೀರ್ಪಿತ್ತಿತು. ಹೈದರಾಬಾದಿನ ನಿಜಾಮರ ಆಶ್ರಯದಲ್ಲಿ ದೇಶದಾದ್ಯಂತ ಖ್ಯಾತಿ ಪಡೆದ ಲಾಲಾ ದೀನದಯಾಳರಂಥವರ (1844–1905) ವೃತ್ತಿಜೀವನವೆಲ್ಲ ಕಳೆದದ್ದು ಈ ಶೂನ್ಯದಲ್ಲಿಯೇ.

ಭಾರತದ ಶಾಸನ: 1914ರಿಂದ 2012ರವರೆಗೆ

1914ರ ಭಾರತ ಹಕ್ಕುಸ್ವಾಮ್ಯ ಕಾಯ್ದೆ 1911ರ ಬ್ರಿಟಿಷ್ ಕಾಯ್ದೆಯನ್ನು ಕೆಲವು ಮಾರ್ಪಾಡುಗಳೊಂದಿಗೆ ಬ್ರಿಟಿಷ್ ಇಂಡಿಯಾಕ್ಕೆ ಅಳವಡಿಸಿತು. ನೆಗೆಟಿವ್‌ನ ಒಡೆಯನೇ ಕೃತಿಕಾರ ಎಂಬ ನಿಯಮವೂ ಅದರೊಡನೆ ಬಂದಿತು. ಸ್ವತಂತ್ರ ಭಾರತದ 1957ರ ಅಧಿನಿಯಮ ಇದನ್ನು ಬದಲಿಸಿ, ಛಾಯಾಚಿತ್ರದ ಕೃತಿಕಾರನೆಂದರೆ ಅದನ್ನು ತೆಗೆಯುವ ವ್ಯಕ್ತಿ ಎಂದು ಸ್ಪಷ್ಟಪಡಿಸಿತು. ಕಲಾತ್ಮಕ ಗುಣವಿರಲಿ ಇಲ್ಲದಿರಲಿ ಛಾಯಾಚಿತ್ರವು ಕಲಾಕೃತಿಯ ವ್ಯಾಖ್ಯೆಯೊಳಗೆ ಬರುತ್ತದೆ ಎಂದೂ ಹೇಳಿತು. ಆಂಗ್ರ್‌ನ ಕಾಲದ ವಿವಾದಕ್ಕೆ ಇದು ಭಾರತ ಕೊಟ್ಟ ಉತ್ತರ. ನೋಂದಣಿ ಕಡ್ಡಾಯವಲ್ಲ; ಚಿತ್ರ ಮೂಡಿದ ಕ್ಷಣದಲ್ಲಿಯೇ ಹಕ್ಕು ಹುಟ್ಟುತ್ತದೆ.

ಆದರೆ ಅದೇ ಅಧಿನಿಯಮದ 17ನೆಯ ಪ್ರಕರಣ ಒಡೆತನದ ಪ್ರಶ್ನೆಯಲ್ಲಿ ಹಳೆಯ ಇಂಗ್ಲಿಷ್ ನಿಯಮವನ್ನು ಉಳಿಸಿಕೊಂಡಿತು. ಒಬ್ಬರ ಕೋರಿಕೆಯ ಮೇರೆಗೆ ಪ್ರತಿಫಲ ಪಡೆದು ತೆಗೆದ ಛಾಯಾಚಿತ್ರದ ಹಕ್ಕುಸ್ವಾಮ್ಯಕ್ಕೆ, ಬೇರೆ ಕರಾರಿಲ್ಲದಿದ್ದರೆ, ಕೋರಿದವರೇ ಪ್ರಥಮ ಒಡೆಯರು. ಸರ್ಕಾರಕ್ಕಾಗಿ ತೆಗೆದುದಕ್ಕೆ ಸರ್ಕಾರ, ನೌಕರಿಯ ಭಾಗವಾಗಿ ತೆಗೆದುದಕ್ಕೆ ಉದ್ಯೋಗದಾತ ಒಡೆಯರಾಗುತ್ತಾರೆ. ಪತ್ರಿಕೆಯ ನೌಕರಿಯಲ್ಲಿರುವ ಛಾಯಾಗ್ರಾಹಕನಿಗೆ ಮಾತ್ರ ಶಾಸನ ಒಂದು ಗೆರೆ ಎಳೆದುಕೊಟ್ಟಿದೆ: ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಹಕ್ಕು ಪತ್ರಿಕೆಯ ಒಡೆಯರದು, ಉಳಿದ ಎಲ್ಲ ಉಪಯೋಗಗಳ ಮಟ್ಟಿಗೆ ಛಾಯಾಗ್ರಾಹಕನದು. ಪತ್ರಿಕೆಯಲ್ಲಿ ಬಂದ ಚಿತ್ರವನ್ನು ಗ್ರಂಥಕ್ಕೆ ಬಳಸುವವರು ಪತ್ರಿಕಾ ಕಚೇರಿಯ ಒಪ್ಪಿಗೆಯೊಂದೇ ಸಾಕೆಂದು ಭಾವಿಸುವುದು ಆದ್ದರಿಂದ ಸರಿಯಾಗಲಾರದು.

ಅವಧಿಯ ವಿಷಯದಲ್ಲಿಯೂ ಛಾಯಾಚಿತ್ರವನ್ನು ಬಹುಕಾಲ ಕೆಳಗಿನ ಪಂಕ್ತಿಯಲ್ಲಿ ಕೂರಿಸಲಾಗಿತ್ತು. ಕವಿಗೂ ವರ್ಣಚಿತ್ರಕಾರನಿಗೂ ಜೀವಿತಾವಧಿ ಹಾಗೂ 50 ವರ್ಷಗಳ ಹಕ್ಕು ದೊರೆತರೆ, ಛಾಯಾಚಿತ್ರಕ್ಕೆ ಪ್ರಕಟಣೆಯಿಂದ 50 ವರ್ಷ ಮಾತ್ರ ದೊರೆಯಿತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಸಂದರ್ಭದಲ್ಲಿ ಬಂದ 1992ರ ತಿದ್ದುಪಡಿ ಎರಡನ್ನೂ 60 ವರ್ಷಕ್ಕೆ ಏರಿಸಿತು, ಆದರೆ ಭೇದವನ್ನು ಹಾಗೆಯೇ ಬಿಟ್ಟಿತು. 1996ರ ವಿಶ್ವ ಬೌದ್ಧಿಕ ಸ್ವತ್ತು ಸಂಸ್ಥೆಯ ಹಕ್ಕುಸ್ವಾಮ್ಯ ಒಡಂಬಡಿಕೆ ಛಾಯಾಚಿತ್ರಕ್ಕೆ ಕಿರಿದಾದ ಅವಧಿ ಇರಕೂಡದೆಂದಿತು. 2012ರ ತಿದ್ದುಪಡಿ 25ನೆಯ ಪ್ರಕರಣವನ್ನು ತೆಗೆದುಹಾಕಿ ಛಾಯಾಚಿತ್ರಕಾರನಿಗೂ ಜೀವಿತಾವಧಿ ಹಾಗೂ 60 ವರ್ಷಗಳ ಅವಧಿಯನ್ನು ನೀಡಿತು. 2018ರಲ್ಲಿ ಭಾರತ ಆ ಒಡಂಬಡಿಕೆಯನ್ನೂ ಸೇರಿತು.

ಒಡೆತನವಿಲ್ಲದ ಕೃತಿಕಾರನಿಗೆ 57ನೆಯ ಪ್ರಕರಣ ಉಳಿದ ಆಸರೆ. ಹಕ್ಕುಸ್ವಾಮ್ಯವನ್ನು ಬಿಟ್ಟುಕೊಟ್ಟ ಮೇಲೆಯೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನೂ, ತನ್ನ ಗೌರವಕ್ಕೆ ಕುಂದು ತರುವಂತೆ ಅದನ್ನು ವಿಕಾರಗೊಳಿಸುವುದನ್ನು ತಡೆಯುವ ಹಕ್ಕನ್ನೂ ಅದು ಕೃತಿಕಾರನಿಗೆ ನೀಡುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ಅವರು ವಿಜ್ಞಾನ ಭವನದ ತಮ್ಮ ಭಿತ್ತಿಶಿಲ್ಪದ ನಾಶದ ವಿರುದ್ಧ ಹೂಡಿದ ದಾವೆಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2005ರಲ್ಲಿ ನೀಡಿದ ತೀರ್ಪು ಈ ಪ್ರಕರಣದ ಬಲವನ್ನು ತೋರಿಸಿತು. ಇದೇ ತತ್ತ್ವದಂತೆ, ಮದುವೆಯ ಚಿತ್ರ ತೆಗೆದ ಸಣ್ಣ ಊರಿನ ಸ್ಟುಡಿಯೋದವನೂ ಆ ಚಿತ್ರದ ಒಡೆಯನಲ್ಲದಿದ್ದರೂ ಅದರ ಕೃತಿಕಾರನೇ.

ಗಡಿಗಳಿಲ್ಲದ ಪ್ರತಿಗಳು

ಹಕ್ಕು ಇದ್ದರೂ ಅದು ಕೈಗೆಟುಕದಿರುವ ಸ್ಥಿತಿಗೆ ಆಲ್ಬರ್ಟೊ ಕೊರ್ಡಾ ಪ್ರಸಿದ್ಧ ನಿದರ್ಶನ. 1960ರ ಮಾರ್ಚ್ 5ರಂದು ಹವಾನಾದಲ್ಲಿ ನಡೆದ ಶೋಕಸಭೆಯೊಂದರಲ್ಲಿ ಕೊರ್ಡಾ ಚೆ ಗೆವಾರಾನ ಚಿತ್ರ ತೆಗೆದನು. ಅವನ ಪತ್ರಿಕೆ ಅದನ್ನು ಅಂದು ಬಳಸಲಿಲ್ಲ. 1967ರಲ್ಲಿ ಇಟಲಿಯ ಪ್ರಕಾಶಕ ಫೆಲ್ಟ್ರಿನೆಲ್ಲಿ ಪ್ರತಿಗಳನ್ನು ಒಯ್ದನು. ಅದೇ ವರ್ಷ ಚೆ ಕೊಲೆಯಾದ ಮೇಲೆ ಆ ಮುಖ ಭಿತ್ತಿಪತ್ರವಾಗಿ, ಅಂಗಿಯ ಮೇಲಿನ ಅಚ್ಚಾಗಿ ಜಗತ್ತನ್ನೇ ಸುತ್ತಿತು. ಕೊರ್ಡಾನಿಗೆ ಗೌರವಧನವೆಂದು ಏನೂ ಬರಲಿಲ್ಲ. ಚೆಯ ಆದರ್ಶಗಳನ್ನು ಹರಡುವವರು ಅದನ್ನು ಬಳಸುವುದಕ್ಕೆ ಅವನ ಆಕ್ಷೇಪವೂ ಇರಲಿಲ್ಲ. ಆದರೆ 2000ದಲ್ಲಿ ವೋಡ್ಕಾದ ಜಾಹೀರಾತಿನಲ್ಲಿ ಅದು ಕಾಣಿಸಿಕೊಂಡಾಗ ಅವನು ಲಂಡನ್ನಿನಲ್ಲಿ ದಾವೆ ಹೂಡಿದನು. ರಾಜಿಯಲ್ಲಿ ದೊರೆತ ಸುಮಾರು 50,000 ಡಾಲರುಗಳನ್ನು ಕ್ಯೂಬಾದ ಆರೋಗ್ಯ ಸೇವೆಗೆ ಕೊಟ್ಟನು. ಛಾಯಾಚಿತ್ರಕಾರನ ಹಕ್ಕೆಂದರೆ ಹಣವನ್ನು ಕೇಳುವ ಹಕ್ಕು ಮಾತ್ರವಲ್ಲ, ಬೇಡ ಎನ್ನುವ ಹಕ್ಕೂ ಹೌದು ಎಂಬುದನ್ನು ಈ ಪ್ರಕರಣ ಮನಗಾಣಿಸುತ್ತದೆ.

ಅಂತರ್ಜಾಲದ ಕಾಲದಲ್ಲಿ ಪ್ರತಿ ಮಾಡಲು ಬೇಕಾದ ಶ್ರಮವೇ ಇಲ್ಲವಾಯಿತು. 2010ರ ಜನವರಿಯ ಹೈಟಿ ಭೂಕಂಪದ ದಿನ ಡೇನಿಯಲ್ ಮೊರೆಲ್ ಎಂಬ ಛಾಯಾಗ್ರಾಹಕ ತನ್ನ ಚಿತ್ರಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಿದನು. ಬೇರೊಬ್ಬರು ಅವನ್ನು ತಮ್ಮದೆಂಬಂತೆ ಮರುಪ್ರಕಟಿಸಿದರು. ಎಎಫ್‌ಪಿ ಸುದ್ದಿಸಂಸ್ಥೆ ಮತ್ತು ಗೆಟ್ಟಿ ಚಿತ್ರಸಂಸ್ಥೆ ಅವನ್ನು ಜಗತ್ತಿಗೆ ಹಂಚಿದವು. ಜಾಲತಾಣದಲ್ಲಿ ಹಾಕಿದ ಮಾತ್ರಕ್ಕೆ ಎಲ್ಲರಿಗೂ ಪರವಾನಗಿ ದೊರೆತಂತಾಗದು ಎಂದು ನ್ಯೂಯಾರ್ಕಿನ ನ್ಯಾಯಾಲಯ 2013ರಲ್ಲಿ ಎತ್ತಿಹಿಡಿಯಿತು. ಜ್ಯೂರಿ ಸುಮಾರು 12 ಲಕ್ಷ ಡಾಲರ್ ಪರಿಹಾರ ಘೋಷಿಸಿತು. ಭಾರತದಲ್ಲಿ 2012ರ ತಿದ್ದುಪಡಿ ಚಿತ್ರದೊಳಗೆ ಸೇರಿಸಿದ ಹಕ್ಕಿನ ವಿವರಗಳನ್ನು ತಿಳಿದೂ ಅಳಿಸುವುದನ್ನು ಅಪರಾಧವೆಂದು ಸಾರಿದೆ. ಚಿತ್ರದ ಮೂಲೆಯಲ್ಲಿರುವ ಹೆಸರನ್ನು ಕತ್ತರಿಸಿ ಅಚ್ಚುಹಾಕುವ ರೂಢಿ ಇನ್ನು ಅಸಡ್ಡೆಯೆಂಬ ನೆಪದ ಹಿಂದೆ ಅಡಗಲಾರದು.

ಉಪಸಂಹಾರ

ಕರ್ತೃತ್ವ ಮತ್ತು ಒಡೆತನಗಳ ನಡುವಿನ ಬಿರುಕಿಗೆ ಪರಿಹಾರವೇ ಇಲ್ಲವೆಂದಲ್ಲ. ಭಾರತ ಯಾರಿಂದ ಈ ನಿಯಮವನ್ನು ಪಡೆಯಿತೋ ಆ ಬ್ರಿಟನ್ನೇ 1988ರ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟಿತು. ಅಲ್ಲೀಗ ತೆಗೆಸಿದವರಿದ್ದರೂ ಹಕ್ಕುಸ್ವಾಮ್ಯ ಛಾಯಾಚಿತ್ರಕಾರನದು. ಆದರೆ ಮನೆಯ ಹಾಗೂ ಖಾಸಗಿ ಸಂದರ್ಭಗಳಿಗಾಗಿ ತೆಗೆಸಿದ ಚಿತ್ರವನ್ನು ತೆಗೆಸಿದವರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ. ಪೊಲಾರ್ಡ್ ಮೊಕದ್ದಮೆಯ ಕಾಳಜಿ, ಸರೋನಿ ಮೊಕದ್ದಮೆಯ ತತ್ತ್ವ ಎರಡೂ ಅದರಲ್ಲಿ ಒಟ್ಟಿಗೆ ಉಳಿದಿವೆ. ಖಾಸಗಿತನವನ್ನು 2017ರಲ್ಲಿ ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ ಸಾರಿದ ಭಾರತದಲ್ಲಿ, ಅದನ್ನು ಕಾಪಾಡಲು ಛಾಯಾಚಿತ್ರಕಾರನ ಒಡೆತನವನ್ನೇ ಕಸಿದುಕೊಳ್ಳಬೇಕಾದ ಅಗತ್ಯ ಕಾಣುವುದಿಲ್ಲ.

ಸಂಶೋಧಕರಿಗೂ ಗ್ರಂಥಾಲಯಗಳಿಗೂ ಶಾಸನ ಬಾಗಿಲು ಮುಚ್ಚಿಲ್ಲ. ಸಂಶೋಧನೆ, ವಿಮರ್ಶೆಗಳಿಗಾಗಿ ನ್ಯಾಯೋಚಿತ ಬಳಕೆಯನ್ನು 52ನೆಯ ಪ್ರಕರಣ ಒಪ್ಪುತ್ತದೆ. ತನ್ನಲ್ಲಿ ಮೂಲ ಪ್ರತಿಯಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇರಿಸಿಕೊಳ್ಳಲು ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ 2012ರಿಂದ ಅವಕಾಶವಿದೆ. ಕೃತಿಕಾರ ಯಾರೆಂದು ತಿಳಿಯದಿದ್ದರೆ ಅಥವಾ ಪತ್ತೆಯಾಗದಿದ್ದರೆ ಸಾರ್ವಜನಿಕ ಪ್ರಕಟಣೆ ನೀಡಿ ಪರವಾನಗಿ ಪಡೆಯುವ ಮಾರ್ಗವನ್ನು 31ಎ ಪ್ರಕರಣ ತೋರಿಸುತ್ತದೆ. ಇವುಗಳ ಪ್ರಯೋಜನ ಪಡೆಯಲು ಮೊದಲು ಬೇಕಾದುದು ದಾಖಲೆ. ಚಿತ್ರವೊಂದು ಸಂಗ್ರಹಕ್ಕೆ ಸೇರುವಾಗ ತೆಗೆದವರು ಯಾರು, ತೆಗೆಸಿದವರು ಯಾರು, ಯಾವ ವರ್ಷ, ಯಾರ ಮೂಲಕ ಬಂದಿತು, ಯಾವ ಬಳಕೆಗೆ ಒಪ್ಪಿಗೆ ದೊರೆತಿದೆ ಎಂಬ ಐದು ವಿವರಗಳನ್ನು ಪರಿಗ್ರಹಣ ವಹಿಯಲ್ಲಿ ಬರೆದಿಡುವುದು ಹೆಚ್ಚಿನ ಖರ್ಚಿನ ಕೆಲಸವೇನಲ್ಲ. ಚಿತ್ರದ ಹಿಂಬದಿಯಲ್ಲಿರುವ ಸ್ಟುಡಿಯೋದ ಮುದ್ರೆಯನ್ನು ಮರೆಮಾಡುವಂತೆ ಅಂಟಿಸದಿರುವುದು, ವಿದ್ಯುನ್ಮಾನ ಪ್ರತಿ ತೆಗೆಯುವಾಗ ಆ ಹಿಂಬದಿಯನ್ನೂ ಪ್ರತಿ ಮಾಡುವುದು ಇವೂ ಅಷ್ಟೇ ಸುಲಭ. ಕನ್ನಡ ನಾಡಿನ ಪೇಟೆಪೇಟೆಗಳಲ್ಲಿ ಸ್ಟುಡಿಯೋ ನಡೆಸಿ, ಒಂದೆರಡು ತಲೆಮಾರುಗಳ ಮುಖಗಳನ್ನು ಉಳಿಸಿಕೊಟ್ಟವರ ಹೆಸರುಗಳು ಬಹುಪಾಲು ಈ ಮುದ್ರೆಗಳಲ್ಲಿ ಮಾತ್ರ ಉಳಿದಿವೆ.